ಮೆಟ್ನರ್‌ಗೆ ಕಿವಿಗೊಟ್ಟ ಮೈಸೂರು

1947ರಲ್ಲಿ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ನ್ಯಾಮತಿ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ಜಗಳೂರು ಚಿತ್ರದುರ್ಗ ಜಿಲ್ಲೆಯದು. ಇವನ್ನೆಲ್ಲ ಒಂದು ಮಾಡಿದ ದಾವಣಗೆರೆ ಜಿಲ್ಲೆ ಹುಟ್ಟಲು ಇನ್ನೂ 50 ವರ್ಷ ಇತ್ತು. ಆದರೆ ನಾಲ್ಕೂ ಕಡೆಯ ರೈತರು ಕಂದಾಯ ಕಟ್ಟುತ್ತಿದ್ದದ್ದು ಒಂದೇ ಖಜಾನೆಗೆ, ಮೈಸೂರು ಸಂಸ್ಥಾನದ ಖಜಾನೆಗೆ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ‘ಮೈಸೂರು ಚಲೋ’ ಚಳವಳಿ ಸಂಸ್ಥಾನವನ್ನು ಅಲ್ಲಾಡಿಸಿತು. ಅಕ್ಟೋಬರ್ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅದೇ ವರ್ಷ ಲಂಡನ್ನಿನಲ್ಲಿ, 67 ವರ್ಷ ವಯಸ್ಸಿನ, ಹೃದಯಾಘಾತದಿಂದ ಬಳಲಿದ್ದ ರಷ್ಯನ್ ಪಿಯಾನೊ ವಾದಕನೊಬ್ಬ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ಕುಳಿತು ತನ್ನ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು ಗ್ರಾಮಫೋನ್ ತಟ್ಟೆಗೆ ಇಳಿಸುತ್ತಿದ್ದ. ಆತನ ಹೆಸರು ನಿಕೊಲಾಯ್ ಮೆಟ್ನರ್. ಇಂಗ್ಲೆಂಡಿನಲ್ಲೂ ಹೆಚ್ಚು ಜನ ಕೇಳಿರದ ಹೆಸರು ಅದು. ಈ ಕೆಲಸಕ್ಕೆ ಹಣ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್, ಆಗ ಅವರಿಗೆ 28ರ ಆಸುಪಾಸು. ಈ ಸಂಗತಿಯನ್ನು ಅರಸನ ಶೋಕಿಯೆಂದು ಪಕ್ಕಕ್ಕಿಡುವುದು ಸುಲಭ, ಬಹುಪಾಲು ಹಾಗೆಯೇ ಪಕ್ಕಕ್ಕಿಟ್ಟಿದ್ದೇವೆ. ಸಂಗೀತದಲ್ಲಿ ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ ಎಂಬುದನ್ನು ಗುಣವೊಂದೇ ತೀರ್ಮಾನಿಸುತ್ತದೆ ಎಂಬ ನಮ್ಮ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಮೈಸೂರಿನ ಈ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗುವುದು ಕಷ್ಟ ಎಂಬುದು ನನ್ನ ವಾದ.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಜನವರಿ 5ರಂದು. ಜರ್ಮನ್ ಮೂಲದ, ರಷ್ಯದಲ್ಲೇ ಬೇರುಬಿಟ್ಟ ಮನೆತನ. ಮಾಸ್ಕೋ ಕನ್ಸರ್ವೇಟರಿಯಲ್ಲಿ ಸಫೋನೋವ್ ಅವನ ಪಿಯಾನೊ ಗುರು. 1900ರಲ್ಲಿ ಅಲ್ಲಿಂದ ಹೊರಬರುವಾಗ ದೊಡ್ಡ ವಾದಕನಾಗುತ್ತಾನೆಂದು ಎಲ್ಲರೂ ಎಣಿಸಿದ್ದರು. ಆತ ಆ ದಾರಿ ಬಿಟ್ಟು ಸಂಯೋಜನೆಗೆ ತಿರುಗಿದ. ಅವನಿಗಿಂತ ಎಂಟು ವರ್ಷ ಹಿರಿಯ ಸ್ಕ್ರಿಯಾಬಿನ್, ಏಳು ವರ್ಷ ಹಿರಿಯ ರಾಖ್ಮನಿನೋವ್. ಒಂದೇ ನಗರ, ಒಂದೇ ಸಂಗೀತ ಶಾಲೆ, ಮೂವರದ್ದೂ ಪಿಯಾನೊ. ಇವತ್ತು ಮೊದಲ ಇಬ್ಬರ ಹೆಸರು ಪಾಶ್ಚಾತ್ಯ ಸಂಗೀತದ ಗಂಧ ಸ್ವಲ್ಪ ಇರುವವರಿಗೂ ಗೊತ್ತು, ಮೂರನೆಯವನದು ಗೊತ್ತಿಲ್ಲ. ಆದರೆ ಆ ಕಾಲದವರ ತೀರ್ಮಾನ ಹೀಗಿರಲಿಲ್ಲ. ಮಾಸ್ಕೋದ ಮಹಾಗುರು ತನೇಯೆವ್ ಈ ಹುಡುಗ ಸೊನಾಟಾ ರಚನೆಯನ್ನು ಹುಟ್ಟುತ್ತಲೇ ಕಲಿತು ಬಂದವನು ಎಂಬರ್ಥದ ಮಾತಾಡಿದ್ದ. ರಾಖ್ಮನಿನೋವ್ ಅಂತೂ 1921ರಲ್ಲಿ ಮೆಟ್ನರ್‌ಗೇ ಬರೆದು, ನಮ್ಮ ಕಾಲದ ಅತಿದೊಡ್ಡ ಸಂಯೋಜಕ ನೀನೇ ಎಂದು ತಿಳಿಸಿದ. ಸ್ನೇಹದ ಉಪಚಾರವೆಂದು ಇದನ್ನು ತಳ್ಳಿಹಾಕಬಹುದಿತ್ತು, ಅವನ ನಡೆ ಬೇರೆ ಹೇಳದಿದ್ದರೆ. ತನ್ನ ನಾಲ್ಕನೆಯ ಪಿಯಾನೊ ಕನ್ಚೆರ್ಟೊವನ್ನು ಆತ ಮೆಟ್ನರ್‌ಗೆ ಅರ್ಪಿಸಿದ; ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮನಿನೋವ್‌ಗೆ ಅರ್ಪಿಸಿದ. ಮೆಟ್ನರ್‌ನ ಅಮೆರಿಕ ಪ್ರವಾಸಕ್ಕೆ ಏರ್ಪಾಡು ಮಾಡಿದವನು ರಾಖ್ಮನಿನೋವ್, ಅವನ ಪುಸ್ತಕ ಅಚ್ಚಾಗಲು ನೆರವಾದವನೂ ರಾಖ್ಮನಿನೋವ್. ನೆರಳು ಬಿದ್ದದ್ದು ಯಾರಿಂದಲೋ ಆತನೇ ಜೀವನದುದ್ದಕ್ಕೂ ಆ ನೆರಳನ್ನು ಸರಿಸಲು ಹೆಣಗಿದ. ಆದ್ದರಿಂದ ಇಲ್ಲಿ ಪ್ರತಿಸ್ಪರ್ಧೆಯ ಕಥೆ ಹುಡುಕಿ ಪ್ರಯೋಜನವಿಲ್ಲ.

ಹಾಗಾದರೆ ಕಾರಣಗಳೇನು? ಮೊದಲನೆಯದು ಆತನ ಸಂಗೀತದ ಒಳಗೇ ಇದೆ. ಮೆಟ್ನರ್ ಬರೆದ ಪ್ರತಿಯೊಂದು ಕೃತಿಯಲ್ಲೂ ಪಿಯಾನೊ ಇದೆ. 14 ಪಿಯಾನೊ ಸೊನಾಟಾಗಳು, ‘ಕಥೆ’ ಎಂದು ಆತನೇ ಕರೆದ ಮೂರು ಡಜನ್ನಿಗೂ ಮಿಕ್ಕಿದ ಕಿರು ರಚನೆಗಳು, ನೂರಕ್ಕೂ ಹೆಚ್ಚು ಹಾಡುಗಳು, ಪಿಟೀಲು ಮತ್ತು ಪಿಯಾನೊಗೆ ಮೂರು ಸೊನಾಟಾಗಳು, ಮೂರು ಕನ್ಚೆರ್ಟೊಗಳು, ಒಂದು ಪಿಯಾನೊ ಪಂಚವಾದ್ಯ. ಸಿಂಫನಿ ಒಂದೂ ಇಲ್ಲ, ಒಪೆರಾ ಇಲ್ಲ, ಬ್ಯಾಲೆ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸಂಯೋಜಕನ ಹೆಸರನ್ನು ದೇಶದಿಂದ ದೇಶಕ್ಕೆ ಹೊತ್ತೊಯ್ಯುತ್ತಿದ್ದದ್ದು ವಾದ್ಯವೃಂದಗಳು ಮತ್ತು ನಾಟಕಶಾಲೆಗಳು. ಅವುಗಳ ಕೈಗೆ ಕೊಡಲು ಮೆಟ್ನರ್ ಬಳಿ ಏನೂ ಇರಲಿಲ್ಲ. ಎರಡನೆಯ ಕಾರಣ ಚರಿತ್ರೆಯದು. ಕ್ರಾಂತಿಯ ನಂತರ 1921ರಲ್ಲಿ ಆತ ರಷ್ಯ ಬಿಟ್ಟ. ಬರ್ಲಿನ್, ಪ್ಯಾರಿಸ್, ಕೊನೆಗೆ 1935ರಿಂದ ಲಂಡನ್. ಬಿಟ್ಟುಹೋದವನನ್ನು ಸೋವಿಯತ್ ನಾಡು ತನ್ನವನೆಂದು ಎತ್ತಿ ಹಿಡಿಯಲಿಲ್ಲ. ಸೇರಿಕೊಂಡ ನಾಡುಗಳಲ್ಲಿ ಸ್ಟ್ರಾವಿನ್ಸ್‌ಕಿಯ ಕಾಲ ನಡೆಯುತ್ತಿತ್ತು. ಹೊಸ ಸಂಗೀತ ಸ್ವರಗಳ ಹಳೆಯ ಬಂಧವನ್ನೇ ಬಿಚ್ಚಿಹಾಕುತ್ತಿದ್ದಾಗ ಮೆಟ್ನರ್ 1935ರಲ್ಲಿ ‘ಮ್ಯೂಸ್ ಮತ್ತು ಫ್ಯಾಷನ್’ ಎಂಬ ಪುಸ್ತಕ ಬರೆದು, ಸಂಗೀತಕ್ಕೆ ಬದಲಾಗದ ನಿಯಮಗಳಿವೆ, ಅವನ್ನು ಬಿಟ್ಟವರು ದಾರಿ ತಪ್ಪಿದವರು ಎಂದು ವಾದಿಸಿದ. ಆ ಪುಸ್ತಕ ಅವನಿಗೆ ಹೊಸ ಗೆಳೆಯರನ್ನು ತಂದುಕೊಡಲಿಲ್ಲ. ಅವನ ಆ ವಾದ ಸಂಪೂರ್ಣ ಸರಿಯೆಂದು ನಾನು ಒಪ್ಪಲಾರೆ. ಸ್ಟ್ರಾವಿನ್ಸ್‌ಕಿಯನ್ನು ಕೇಳಿದವರು ಯಾರೂ ಒಪ್ಪಲಾರರು. ಆದರೆ ಒಬ್ಬ ಸಂಯೋಜಕ ತನ್ನ ಕಾಲದ ಬಗ್ಗೆ ತಪ್ಪು ಹೇಳಿದ ಮಾತ್ರಕ್ಕೆ ಅವನ ಸಂಗೀತ ತಪ್ಪಾಗುವುದಿಲ್ಲ.

ಮೂರನೆಯದು ಸ್ವಭಾವ. ರಾಖ್ಮನಿನೋವ್ ಅಮೆರಿಕಕ್ಕೆ ಹೋದಮೇಲೆ ಜೀವನೋಪಾಯಕ್ಕಾಗಿ ಋತುವಿಡೀ ಕಛೇರಿ ನುಡಿಸಿದ, ಜನ ಬಯಸಿದ್ದನ್ನು ನುಡಿಸಿದ, ರೆಕಾರ್ಡು ಮಾಡಿದ. ಅವನ ವಾದನದ ಕೀರ್ತಿ ಅವನ ಸಂಯೋಜನೆಗಳನ್ನೂ ಎಳೆದುಕೊಂಡು ಮುಂದೆ ಹೋಯಿತು. ಮೆಟ್ನರ್ ಹೆಚ್ಚಾಗಿ ತನ್ನ ಕೃತಿಗಳನ್ನೇ ನುಡಿಸಲು ಬಯಸಿದ, ಬೇರೆಯವರದ್ದೆಂದರೆ ಮುಖ್ಯವಾಗಿ ಬೀಥೋವನ್. ಕಛೇರಿ ಏರ್ಪಡಿಸುವವರಿಗೆ ಇಂಥ ವಾದಕ ಬೇಕಿರಲಿಲ್ಲ. ನಾಲ್ಕನೆಯದು ಬರಿಯ ವ್ಯವಹಾರ: ಅವನ ಸ್ವರಲಿಪಿಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶಕರು ಜರ್ಮನಿಯಲ್ಲಿದ್ದರು. ಎರಡನೆಯ ಮಹಾಯುದ್ಧ ಶುರುವಾದ ಕೂಡಲೇ ಲಂಡನ್ನಿನಲ್ಲಿದ್ದ ಮೆಟ್ನರ್‌ಗೆ ಆ ವರಮಾನ ನಿಂತುಹೋಯಿತು, ಹೊಸ ಪ್ರತಿಗಳು ಬರುವುದೂ ನಿಂತಿತು. ಬಾಂಬು ಬೀಳುತ್ತಿದ್ದ ಲಂಡನ್ ಬಿಟ್ಟು ಆತ ಮತ್ತು ಹೆಂಡತಿ ಆನ್ನಾ, ವಾರಿಕ್‌ಶೈರ್‌ನಲ್ಲಿದ್ದ ಶಿಷ್ಯೆ ಎಡ್ನಾ ಐಲ್ಸ್ ಮನೆಯಲ್ಲಿ ಆಶ್ರಯ ಪಡೆದರು. ಅಲ್ಲೇ 1942ರಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಂಡು ಮೂರನೆಯ ಕನ್ಚೆರ್ಟೊ ಮುಗಿಸಿದ. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಇಷ್ಟಾದರೂ ಅವನ ಮುಖ್ಯ ಕೃತಿಗಳಿಗೆ ಅವನದೇ ವಾದನದ ಧ್ವನಿಮುದ್ರಣ ಇರಲಿಲ್ಲ. ವಯಸ್ಸು ಮತ್ತು ಆರೋಗ್ಯ ನೋಡಿದರೆ ಇನ್ನೈದಾರು ವರ್ಷದಲ್ಲಿ ಆ ಅವಕಾಶವೇ ಮುಗಿದುಹೋಗಲಿತ್ತು. ಈ ನಾಲ್ಕು ಕಾರಣಗಳಲ್ಲಿ ಮೊದಲನೆಯದೊಂದು ಬಿಟ್ಟರೆ ಉಳಿದ ಯಾವುದಕ್ಕೂ ಸಂಗೀತದ ಗುಣಾವಗುಣದ ಜೊತೆ ಸಂಬಂಧವಿಲ್ಲ ಎಂಬುದನ್ನು ಗಮನಿಸಬೇಕು. ಗಡಿ, ಯುದ್ಧ, ಅಂಚೆ, ಅಚ್ಚುಕೂಟ, ಕಛೇರಿ ಏರ್ಪಡಿಸುವವನ ಲೆಕ್ಕ, ಇವೇ ಇಲ್ಲಿ ತೀರ್ಪು ಬರೆದದ್ದು.

ಗ್ರಾಮಫೋನ್ ಕಂಪನಿಗಳ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಆ ಕಾಲದ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ. ಅರ್ಧ ಗಂಟೆ ದಾಟುವ ಒಂದು ಕನ್ಚೆರ್ಟೊ ಎಂದರೆ ನಾಲ್ಕೈದು ಪ್ಲೇಟುಗಳ ಕಟ್ಟು, ಪೂರ್ಣ ವಾದ್ಯವೃಂದದ ಸಂಬಳ, ದಿನಗಟ್ಟಲೆ ಸ್ಟುಡಿಯೊ. ಹೆಚ್ಚು ಮಾರಾಟವಾಗದ ಸಂಗೀತಕ್ಕೆ ಎಚ್‌ಎಂವಿ ಕಂಪನಿ 1930ರ ದಶಕದಲ್ಲಿ ಒಂದು ಉಪಾಯ ಕಂಡುಕೊಂಡಿತ್ತು: ಸಂಯೋಜಕನ ಹೆಸರಿನಲ್ಲಿ ‘ಸೊಸೈಟಿ’ ಕಟ್ಟಿ, ಮೊದಲೇ ಚಂದಾ ಸಂಗ್ರಹಿಸಿ, ಸಾಕಷ್ಟು ಚಂದಾದಾರರಾದ ಮೇಲೆ ಧ್ವನಿಮುದ್ರಿಸುವುದು. ಹ್ಯೂಗೊ ವುಲ್ಫ್‌ನ ಹಾಡುಗಳು, ಶ್ನಾಬೆಲ್ ನುಡಿಸಿದ ಬೀಥೋವನ್ ಸೊನಾಟಾಗಳು ಹೀಗೆಯೇ ಬಂದವು. ವುಲ್ಫ್ ಸೊಸೈಟಿಯ ಹಿಂದಿದ್ದವನು ಕಂಪನಿಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್. ಮೆಟ್ನರ್ ಹೆಸರಿಗೆ ಚಂದಾದಾರರ ದಂಡು ಕೂಡುವ ನಂಬಿಕೆ ಯಾವ ಕಂಪನಿಗೂ ಇರುವಂತಿರಲಿಲ್ಲ. ಆ ಜಾಗಕ್ಕೆ ಒಬ್ಬರೇ ಬಂದು ನಿಂತರು. ಲಂಡನ್ನಿನಲ್ಲಿದ್ದ ಮೈಸೂರು ಸಂಸ್ಥಾನದ ಟ್ರೇಡ್ ಕಮಿಷನರ್ ಮೂಲಕ ಮಹಾರಾಜರ ಇಂಗಿತ ಮೆಟ್ನರ್‌ಗೆ ತಲುಪಿತು. ಲೆಗ್ ಮೈಸೂರಿಗೂ ಬಂದು ಅರಮನೆಯ ಅತಿಥಿಯಾಗಿದ್ದ. 1940ರ ದಶಕ ಮುಗಿಯುವಷ್ಟರಲ್ಲಿ ಮೆಟ್ನರ್ ಸೊಸೈಟಿಯ ಮೂರು ಸಂಪುಟಗಳ ಕೆಲಸ ನಡೆದಿತ್ತು. ಮೊದಲ ಕನ್ಚೆರ್ಟೊದಲ್ಲಿ ಜಾರ್ಜ್ ವೆಲ್ಡನ್, ಉಳಿದೆರಡರಲ್ಲಿ ಇಸ್ಸಾಯ್ ಡೊಬ್ರೊವೆನ್ ವಾದ್ಯವೃಂದ ನಡೆಸಿದರು. ಪಿಟೀಲು ಸೊನಾಟಾಕ್ಕೆ ಸಿಸಿಲಿಯಾ ಹಾನ್ಸನ್, ಪಂಚವಾದ್ಯಕ್ಕೆ ಇಯೋಲಿಯನ್ ಕ್ವಾರ್ಟೆಟ್, ಹಾಡುಗಳಿಗೆ ಓದಾ ಸ್ಲೊಬೋದ್‌ಸ್ಕಾಯಾ, ತತ್ಯಾನಾ ಮಕೂಶಿನಾ, ಮತ್ತು ಆಗಷ್ಟೇ ಮೇಲೇರುತ್ತಿದ್ದ ಎಲಿಜಬೆತ್ ಶ್ವಾರ್ಟ್ಸ್‌ಕಾಪ್. ಎಲ್ಲದರಲ್ಲೂ ಪಿಯಾನೊ ಮುಂದೆ ಕುಳಿತವನು ಮೆಟ್ನರ್. ಯೌವನದಲ್ಲಿ ಶುರುಮಾಡಿ ದಶಕಗಳ ಕಾಲ ಕೈಬಿಟ್ಟು ಕೈಗೆತ್ತಿಕೊಂಡಿದ್ದ ಪಂಚವಾದ್ಯವನ್ನು ಆತ ಮುಗಿಸಿದ್ದೇ ಈ ಕೆಲಸದ ನಡುವೆ, 1949ರಲ್ಲಿ. ಮೂರನೆಯ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಇದರಲ್ಲಿ ಯಾವುದೂ ಇರುತ್ತಿರಲಿಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಹಳೆಯದು. ಕಾಲ ಎಂಬುದು ಜರಡಿ, ಗಟ್ಟಿ ಕಾಳು ಮೇಲೆ ಉಳಿಯುತ್ತದೆ, ಜೊಳ್ಳು ಉದುರುತ್ತದೆ. ಮರೆತುಹೋದವರು ಮರೆಯಲು ಯೋಗ್ಯರಾಗಿದ್ದವರೇ. ಕೇಳಲು ನ್ಯಾಯವಾಗಿ ಕಾಣುವ ಮಾತು. ಆದರೆ ಜರಡಿಗೆ ಹಾಕದ ಕಾಳನ್ನು ಜರಡಿ ಆರಿಸಲಾರದು. ಕೇಳಿಸದ ಸಂಗೀತದ ಮೇಲೆ ಕಾಲ ಯಾವ ತೀರ್ಪನ್ನೂ ಕೊಡುವುದಿಲ್ಲ, ಅದನ್ನು ಕೈಬಿಡುತ್ತದೆ ಅಷ್ಟೆ. ಬಾಕ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮತ್ತೆ ಜನರ ಕಿವಿಗೆ ಬಿದ್ದದ್ದು 1829ರಲ್ಲಿ, ಇಪ್ಪತ್ತು ವರ್ಷದ ಮೆಂಡೆಲ್‌ಸೋನ್ ಹಟ ಹಿಡಿದು ಹಾಡಿಸಿದ್ದರಿಂದ. ಬಾಕ್ ಸತ್ತು ಆಗಲೇ 79 ವರ್ಷವಾಗಿತ್ತು. ಅಷ್ಟು ದೂರ ಹೋಗುವುದೂ ಬೇಡ. ಕನ್ನಡಿಗರು ಸಂಗೀತ ಪಿತಾಮಹರೆಂದು ಪೂಜಿಸುವ ಪುರಂದರದಾಸರ ಸಾಹಿತ್ಯ ನಮಗೆ ದಕ್ಕಿದೆ, ಅವರು ಹಾಡಿದ ಮಟ್ಟುಗಳು ಬಹುಪಾಲು ದಕ್ಕಿಲ್ಲ. ಇವತ್ತು ಕಛೇರಿಯಲ್ಲಿ ಕೇಳುವ ದೇವರನಾಮಗಳ ರಾಗಸಂಯೋಜನೆ ಹೆಚ್ಚಾಗಿ ನಂತರದವರದು. ದಾಸರ ಮಟ್ಟುಗಳು ಕಳಪೆಯಾಗಿದ್ದವು, ಅದಕ್ಕೇ ಕಾಲ ಅವನ್ನು ಉದುರಿಸಿತು ಎಂದು ಹೇಳುವ ಧೈರ್ಯ ಯಾರಿಗಿದೆ? ತ್ಯಾಗರಾಜರ ಕೃತಿಗಳು ಅಷ್ಟು ವಿಸ್ತಾರವಾಗಿ ಹರಡಿದ್ದರ ಹಿಂದೆ ವಾಲಾಜಾಪೇಟೆ, ಉಮಯಾಳ್‌ಪುರಂ, ತಿಲ್ಲೈಸ್ಥಾನಗಳ ಶಿಷ್ಯಪರಂಪರೆಗಳು ಇದ್ದವು. ಅವರು ಬರೆದಿಟ್ಟರು, ಊರೂರಿಗೆ ಒಯ್ದರು. ತ್ಯಾಗರಾಜರ ಪ್ರತಿಭೆಗೆ ಇದರಿಂದ ಕುಂದಿಲ್ಲ. ಪ್ರತಿಭೆಯ ಜೊತೆಗೆ ಹೊರುವ ಹೆಗಲೂ ಬೇಕಾಯಿತು ಎಂಬುದಷ್ಟೇ ಇದರ ಅರ್ಥ.

ಹಾಗೆಂದು ನೆರಳಿನಲ್ಲಿ ಉಳಿದವರೆಲ್ಲ ಮಹಾನುಭಾವರೆಂದು ಹೊರಡುವುದೂ ತಪ್ಪು. ಮೆಟ್ನರ್‌ನ ಸುತ್ತ ಇನ್ನೂ ಹಲವರಿದ್ದರು: ಅರೆನ್‌ಸ್ಕಿ, ಲ್ಯಾಪುನೋವ್, ಕತ್ವಾರ್, ಸ್ವತಃ ತನೇಯೆವ್. ಅರೆನ್‌ಸ್ಕಿಯ ಮೊದಲ ಪಿಯಾನೊ ತ್ರಿವಾದ್ಯ ಕಿವಿಗೆ ಬಿದ್ದ ಕೂಡಲೇ ಹಿಡಿಸುತ್ತದೆ. ಆದರೆ ಅದರ ಬಹುಭಾಗ ಚೈಕೋವ್‌ಸ್ಕಿಯ ಮನೆಯಿಂದ ಬಂದದ್ದೆಂದು ತಿಳಿಯಲು ತಡವಾಗುವುದಿಲ್ಲ. ಲ್ಯಾಪುನೋವ್‌ನ ಪಿಯಾನೊ ಅಭ್ಯಾಸಗಳಲ್ಲಿ ಲಿಸ್ಟ್ ಎದ್ದು ಕಾಣುತ್ತಾನೆ. ಮೆಟ್ನರ್‌ನದು ಬೇರೆ ಜಾತಿ. ಅವನ ‘ರಾತ್ರಿಗಾಳಿ’ ಸೊನಾಟಾ ಅರ್ಧ ಗಂಟೆ ದಾಟಿ ನಡೆಯುತ್ತದೆ. ಮೊದಲಲ್ಲಿ ಬಂದ ಒಂದು ಪುಟ್ಟ ಸ್ವರಗುಚ್ಛ ಮುಂದೆ ಎಡಗೈಗೆ ಇಳಿಯುತ್ತದೆ, ಲಯ ಬದಲಿಸುತ್ತದೆ, ಇನ್ನೊಂದು ಪಂಕ್ತಿಯ ಅಡಿಯಲ್ಲಿ ಅಡಗುತ್ತದೆ, ಬಹಳ ಹೊತ್ತಿನ ಮೇಲೆ ಅದೇ ಆಗಿ ಅದಲ್ಲದೆ ಮರಳುತ್ತದೆ. ಏಕಕಾಲಕ್ಕೆ ಎರಡು ಮೂರು ಸ್ವರಪಂಕ್ತಿಗಳನ್ನು ನಡೆಸುವ ಅವನ ಕೌಶಲ ರಾಖ್ಮನಿನೋವ್‌ಗಿಂತ ಬಿಗಿಯಾದದ್ದು. ರಾಖ್ಮನಿನೋವ್ ಕೊಡುವ ಆ ಉದ್ದನೆಯ, ಒಮ್ಮೆ ಕೇಳಿದರೆ ಗುನುಗಬಹುದಾದ ರಾಗಧಾರೆ ಮೆಟ್ನರ್‌ನಲ್ಲಿ ವಿರಳ, ವಾದ್ಯವೃಂದದ ಬಣ್ಣಗಾರಿಕೆಯೂ ಕಡಿಮೆ. ಇವು ನಿಜವಾದ ಕೊರತೆಗಳು. ಎರಡನೆಯ ಸಲ, ಮೂರನೆಯ ಸಲ ಕೇಳಿದಾಗ ತೆರೆದುಕೊಳ್ಳುವ ಸಂಗೀತ ಅವನದು. ಒಮ್ಮೆ ಕೇಳಲೂ ಅವಕಾಶವಿಲ್ಲದ ಲೋಕದಲ್ಲಿ ಇಂಥ ಸಂಯೋಜಕನಿಗೇ ಹೆಚ್ಚು ಅನ್ಯಾಯವಾಗುತ್ತದೆ. ಮತ್ತೆ ಮತ್ತೆ ಕೇಳಲು ಆಗುವ ಸಾಧನ ಗ್ರಾಮಫೋನ್ ಪ್ಲೇಟು; ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಮೆಟ್ನರ್‌ಗೆ.

ಎರಡನೆಯ ಆಕ್ಷೇಪ ಮಹಾರಾಜರ ಕುರಿತದ್ದು. ದುಡ್ಡಿದ್ದ ದೊರೆ, ಯುರೋಪಿನಲ್ಲಿ ಹೆಸರು ಮಾಡುವ ಆಸೆ, ಯಾರೋ ಹೇಳಿದರು, ಚೆಕ್ಕು ಬರೆದರು. ಇದರಲ್ಲಿ ವಿವೇಚನೆ ಎಲ್ಲಿಂದ ಬಂತು? ಹೆಸರಿನ ಆಸೆಯೇ ಕಾರಣವಾಗಿದ್ದರೆ ಆರಿಸಿಕೊಳ್ಳಬೇಕಾದ ಸಂಯೋಜಕ ಮೆಟ್ನರ್ ಆಗಿರಲಿಲ್ಲ. 1940ರ ದಶಕದಲ್ಲಿ ಆ ಹೆಸರಿನಿಂದ ಯಾರಿಗೂ ಕೀರ್ತಿ ಬರುತ್ತಿರಲಿಲ್ಲ. ಜಯಚಾಮರಾಜ ಒಡೆಯರ್ ಪಿಯಾನೊವನ್ನು ಗಂಭೀರವಾಗಿ ಕಲಿತವರು. ಕಛೇರಿ ವಾದಕರಾಗುವ ಬಯಕೆಯಿದ್ದವರು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು, 21 ವರ್ಷಕ್ಕೇ ಸಿಂಹಾಸನ ಏರಬೇಕಾಗಿ ಬಂದು ಆ ದಾರಿ ಮುಚ್ಚಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಕರ್ನಾಟಕ ಸಂಗೀತದಲ್ಲಿ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ 94 ಕೃತಿಗಳನ್ನು ರಚಿಸಿದರು, ಅವುಗಳಲ್ಲಿ ಅಪರೂಪದ ರಾಗಗಳೇ ಬಹಳ. ಸಂಗೀತದ ಹೆದ್ದಾರಿ ಬಿಟ್ಟು ಯಾರೂ ಹೋಗದ ರಾಗಕ್ಕೆ ಹೋಗುವ ಈ ಒಲವು, ಯಾರೂ ನುಡಿಸದ ಸಂಯೋಜಕನನ್ನು ಹುಡುಕುವ ಒಲವು, ಎರಡೂ ಒಂದೇ ಮನಸ್ಸಿನವು ಎಂದು ನನಗೆ ಅನಿಸುತ್ತದೆ. ಅರಮನೆಗೆ ಪಾಶ್ಚಾತ್ಯ ಸಂಗೀತ ಹೊಸದೂ ಅಲ್ಲ. ನಾಲ್ವಡಿಯವರ ಕಾಲದಲ್ಲೇ ಜರ್ಮನಿಯ ಆಟೊ ಸ್ಮಿಟ್ ಅರಮನೆಯ ವಾದ್ಯವೃಂದ ನಡೆಸುತ್ತಿದ್ದ. ತಂಗಿ ವಿಜಯಾದೇವಿಯವರೂ ನುರಿತ ಪಿಯಾನೊ ವಾದಕಿ. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದವರು. ಮಹಾರಾಜರ ಈ ಆಸಕ್ತಿ ಮೆಟ್ನರ್ ಒಬ್ಬನಿಗೇ ನಿಲ್ಲಲೂ ಇಲ್ಲ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಸಿದ್ದಕ್ಕೂ ಹಿಂದೆ ನಿಂತದ್ದು ಮೈಸೂರಿನ ಹಣ.

ಆ ಹಣದ ಮಾತೇ ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದು. ಫಿಲ್‌ಹಾರ್ಮೋನಿಯಾಕ್ಕೆ ಮಹಾರಾಜರು ಒಪ್ಪಿದ್ದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಎಂದು ಲೆಗ್ ದಾಖಲಿಸಿದ್ದಾನೆ. ಮೆಟ್ನರ್ ಧ್ವನಿಮುದ್ರಣದ ಖರ್ಚು ಅದರ ಮೇಲೆ. ಆಗಿನ ದರದಲ್ಲಿ ಒಂದು ಪೌಂಡಿಗೆ 13 ರೂಪಾಯಿಗಿಂತ ಸ್ವಲ್ಪ ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. ವಿಲೀನದ ನಂತರ ಮೈಸೂರು ಅರಸರಿಗೆ ಗೊತ್ತಾದ ರಾಜಧನ ವರ್ಷಕ್ಕೆ 26 ಲಕ್ಷ. ಅದರ ಇಪ್ಪತ್ತನೆಯ ಒಂದು ಪಾಲು ಇದು. ಅರಮನೆಯ ಲೆಕ್ಕದಲ್ಲಿ ಸಣ್ಣ ಮೊತ್ತ, ಜಗಳೂರಿನಂಥ ಬರಪೀಡಿತ ತಾಲ್ಲೂಕಿನ ಲೆಕ್ಕದಲ್ಲಿ ಎಷ್ಟೋ ಕೆರೆಗಳ ಹೂಳು. ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿಯ ಗದ್ದೆಗಳಿಗೆ ಹರಿದದ್ದು ಆಮೇಲೆ; ಜಗಳೂರಿಗೆ ಆಗಲೂ ಹರಿಯಲಿಲ್ಲ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಹೊನ್ನಾಳಿ, ನ್ಯಾಮತಿಯ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನದೇ ಸರ್ಕಾರ ಸಾರಿತು. ಘರ್ಷಣೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ನೇಣಿಗೆ ಹಾಕಲಾಯಿತು. ಜಯಚಾಮರಾಜ ಒಡೆಯರ್ ಆಗ ಮಹಾರಾಜರು. ಮೆಟ್ನರ್ ಮೂರನೆಯ ಕನ್ಚೆರ್ಟೊ ಮುಗಿಸಿದ್ದು ಅದೇ ವರ್ಷ. ಆ ಕೃತಿಯ ಮೇಲಿರುವ ಹೆಸರು, ಈಸೂರಿನವರು ಯಾರ ಪ್ರಜೆಗಳಾಗಿದ್ದರೋ ಅವರದೇ.

ಇದಕ್ಕೆ ಸುಲಭದ ಉತ್ತರವಿಲ್ಲ, ಸುಲಭದ ಉತ್ತರ ಕೊಡುವವರನ್ನು ನಂಬಲೂ ಬಾರದು. ಸಂಗೀತಪ್ರೇಮ ಆಳ್ವಿಕೆಯ ತಪ್ಪನ್ನು ತೊಳೆಯುವುದಿಲ್ಲ. ಮೆಟ್ನರ್ ಸೊಸೈಟಿಯ ಮೂರು ಸಂಪುಟಗಳನ್ನು ತಕ್ಕಡಿಯ ಒಂದು ಕಡೆ, ಈಸೂರಿನ ಐವರನ್ನು ಇನ್ನೊಂದು ಕಡೆ ಇಡುವ ಪ್ರಯತ್ನವೇ ಅನುಚಿತ. ಆದರೆ ಆಕ್ಷೇಪದೊಳಗೆ ಇನ್ನೊಂದು ಊಹೆ ಅಡಗಿದೆ: ವಿದೇಶಿ ಸಂಗೀತಕ್ಕೆ ಹೋದ ಹಣ ನಾಡಿನಿಂದ ಕಿತ್ತುಕೊಂಡದ್ದು, ನಾಡಿನ ವಿದ್ಯೆಗೆ ಏನೂ ಸಿಗಲಿಲ್ಲ ಎಂಬುದು. ಅದು ನಿಜವಲ್ಲ. ಇದೇ ಅರಸರ ಆಶ್ರಯದಲ್ಲಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ ಹೊರಬಂತು. ಋಗ್ವೇದ ಒಂದೇ 35 ಸಂಪುಟಗಳಲ್ಲಿ ಕನ್ನಡಕ್ಕೆ ಬಂದದ್ದು ಅದರಲ್ಲಿ. ವಾಸುದೇವಾಚಾರ್ಯರಿಗೆ ಆಸ್ಥಾನದ ಆಶ್ರಯ ಮುಂದುವರಿಯಿತು. ಆಕ್ಷೇಪದ ಹೆಚ್ಚು ಚುಚ್ಚುವ ಭಾಗ ಬೇರೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಲಂಡನ್ನಿನ ಒಬ್ಬ ಮುದುಕನ ವಾದನ ಅಳಿಯಬಾರದೆಂದು ಕಾಳಜಿ ವಹಿಸಿದ ಸಂಸ್ಥಾನ, ತನ್ನದೇ ಹಳ್ಳಿಗಳ ಹಾಡನ್ನು ಹಾಗೆ ಹಿಡಿದಿಡಲಿಲ್ಲ. ನ್ಯಾಮತಿ ಸೀಮೆಯ ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಲ್ಲಿ ಸೇವಾಲಾಲರನ್ನು ನೆನೆದು ಹಾಡುತ್ತಿದ್ದ ಲಂಬಾಣಿ ಹೆಂಗಸರು, ಜಗಳೂರಿನ ಗೊಲ್ಲರಹಟ್ಟಿಗಳ ಪದಗಾರ್ತಿಯರು, ಚನ್ನಗಿರಿ ಸೂಳೆಕೆರೆಯ ಶಾಂತವ್ವನ ಕಥೆಯನ್ನು ಹಾಡಿ ಹೇಳುತ್ತಿದ್ದವರು 1947ರಲ್ಲೂ ಇದ್ದರು. ಅವರ ಬಳಿಗೆ ಯಂತ್ರ ಹೊತ್ತು ಯಾವ ಸೊಸೈಟಿಯೂ ಹೋಗಲಿಲ್ಲ. ಬಹಳ ತಡವಾಗಿ, ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಎಂಬ ಓದು ಬರಹವಿಲ್ಲದ ಕಾಡುಗೊಲ್ಲ ಮಹಿಳೆಯ ನೆನಪಿನಲ್ಲಿದ್ದ ಸಾವಿರಾರು ಪದಗಳನ್ನು ಕೃಷ್ಣಮೂರ್ತಿ ಹನೂರು ಮೊದಲಾದವರು ಸಂಗ್ರಹಿಸಿದಾಗ, ಅದಕ್ಕೆ ಮೊದಲು ಎಂಥ ಸಂಪತ್ತು ಮಣ್ಣಿಗೆ ಹೋಗಿರಬಹುದೆಂಬ ಅಂದಾಜು ಸಿಕ್ಕಿತು. ಈ ಸಂಗತಿ ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ, ಬಲಪಡಿಸುತ್ತದೆ. ಸಿರಿಯಜ್ಜಿ ಉಳಿದದ್ದೂ ಮೆಟ್ನರ್ ಉಳಿದದ್ದೂ ಒಂದೇ ಕಾರಣಕ್ಕೆ: ಯಾರೋ ಹೊತ್ತು ಮೀರುವ ಮೊದಲು ಹೋಗಿ ಕೇಳಿದರು.

ಕೊನೆಯದಾಗಿ, ಇಷ್ಟು ಮಾಡಿದ್ದರಿಂದ ಮೆಟ್ನರ್ ಏನು ಪ್ರಸಿದ್ಧನಾದನೇ ಎಂದು ಕೇಳಬಹುದು. ಆಗಲಿಲ್ಲ. ಸಂಪುಟಗಳು ಹೊರಬರುತ್ತಿದ್ದ ಹೊತ್ತಿಗೇ ದೀರ್ಘವಾದನದ ಎಲ್‌ಪಿ ತಟ್ಟೆ ಬಂದು, ಹಳೆಯ ಭಾರದ ಪ್ಲೇಟುಗಳು ಮೂಲೆ ಸೇರತೊಡಗಿದವು. ಲಂಡನ್ನಿನಲ್ಲಿ ಮೆಟ್ನರ್ ಮತ್ತೆ ಮರೆಯಾದ. ಆದರೆ ಎರಡು ಕಡೆ ಕೆಲಸ ನಿಲ್ಲಲಿಲ್ಲ. ಆನ್ನಾ ಮೆಟ್ನರ್ 1958ರಲ್ಲಿ ಗಂಡನ ಹಸ್ತಪ್ರತಿಗಳೊಂದಿಗೆ ಸೋವಿಯತ್ ಒಕ್ಕೂಟಕ್ಕೆ ಮರಳಿದಳು. 1959ರಿಂದ 1963ರ ನಡುವೆ ಮಾಸ್ಕೋದಲ್ಲಿ ಅವನ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಚ್ಚಾದವು. ಎಮಿಲ್ ಗಿಲೆಲ್ಸ್ ಅವನ ಸೊನಾಟಾಗಳನ್ನು ಕಛೇರಿಗೆ ತಂದ, ಸ್ವೆತ್ಲಾನೋವ್ ಅವನ ಪರ ನಿಂತ. ಪಶ್ಚಿಮದಲ್ಲಿ ಹೇಮಿಶ್ ಮಿಲ್ನ್, ಜೆಫ್ರಿ ಟೋಜರ್, ನಿಕೊಲಾಯ್ ದೆಮಿದೆಂಕೊ, 14 ಸೊನಾಟಾಗಳನ್ನೂ ಧ್ವನಿಮುದ್ರಿಸಿದ ಮಾರ್ಕ್-ಆಂದ್ರೆ ಹಾಮ್ಲಾ ಬಂದರು. 1990ರ ದಶಕದಲ್ಲಿ ಮೈಸೂರಿನ ಹಣದಿಂದ ಆದ ಆ ಹಳೆಯ ಮುದ್ರಣಗಳೂ ಸಿಡಿ ರೂಪದಲ್ಲಿ ಮರಳಿ ಬಂದವು. ಅಚ್ಚಾದ ಸ್ವರಲಿಪಿ ಹೇಳಲಾರದ ಎಷ್ಟೋ ಸಂಗತಿಗಳು ಅವುಗಳಲ್ಲಿವೆ. ದಟ್ಟವಾಗಿ ಬರೆದ ಪುಟಗಳನ್ನು ಮೆಟ್ನರ್ ಎಷ್ಟು ಹಗುರವಾಗಿ, ಎಷ್ಟು ಮುಂದೊತ್ತುವ ಲಯದಲ್ಲಿ ನುಡಿಸುತ್ತಿದ್ದ, ಯಾವ ಪಂಕ್ತಿಯನ್ನು ಮೇಲೆತ್ತುತ್ತಿದ್ದ, ಯಾವುದನ್ನು ತಗ್ಗಿಸುತ್ತಿದ್ದ ಎಂಬುದನ್ನು ಇವತ್ತಿನ ವಾದಕರು ಊಹಿಸಬೇಕಾಗಿಲ್ಲ, ಕೇಳಬಹುದು. ಅವನನ್ನು ಮೆಚ್ಚುವುದೋ ಬಿಡುವುದೋ ಎಂಬುದನ್ನು ಈಗ ಕೇಳುಗರು ಕೇಳಿ ನಿರ್ಧರಿಸುತ್ತಿದ್ದಾರೆ; ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ನಿರ್ಧಾರ ಅವರ ಕೈಯಲ್ಲಿರಲಿಲ್ಲ.

ಜನರ ಕಿವಿಗೆ ಬೀಳುವ ಅವಕಾಶವನ್ನು ಮೆಟ್ನರ್‌ಗೆ ಕೊಟ್ಟ ಮಹಾರಾಜರ ಸಂಗೀತಕ್ಕೆ ನಮ್ಮಲ್ಲಿ ಅದು ಇನ್ನೂ ಪೂರ್ತಿ ಸಿಕ್ಕಿಲ್ಲ. ನಾಲ್ವಡಿಯವರ ಹೆಸರು ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾಲಯಗಳೊಂದಿಗೆ ಪ್ರತಿ ಮನೆಗೂ ಪರಿಚಿತ. ಅವರ ನಂತರ ಬಂದವರು ಸಂಸ್ಥಾನದ ಕೊನೆಯ ಅರಸರು ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಅವರ 94 ಕೃತಿಗಳಲ್ಲಿ ಕಛೇರಿಗಳಲ್ಲಿ ಕೇಳಸಿಗುವುದು ಬೆರಳೆಣಿಕೆಯಷ್ಟು. ಉಳಿದವು ಹಾಡಲು ಯೋಗ್ಯವೋ ಅಲ್ಲವೋ ಎಂಬುದು ಹಾಡಿ ನೋಡಿದ ಮೇಲೆ ಎತ್ತಬೇಕಾದ ಪ್ರಶ್ನೆ.